ಮೂವತ್ತೆರಡನೇ ಸೆಕೆಂಡಿಗೆ ಕಟ್ ಆಗುತ್ತಿದ್ದ ಫೋನ್

32, 32, 9, 32, 33, 32, 32.

ನಮ್ಮ ಮನೆ ಫೋನಿನ ಕರೆ ದಾಖಲೆಯ ಒಂದು ಕಾಲಮ್ ಇದು. ಅಣ್ಣ ಅವನ ಮನೆಯಿಂದ ನಮ್ಮ ಮನೆಗೆ ಮಾಡಿದ ಕರೆಗಳು ಎಷ್ಟೆಷ್ಟು ಸೆಕೆಂಡ್ ನಡೆದವು ಅನ್ನುವ ಲೆಕ್ಕ. ಆ ಒಂಬತ್ತು, ಅಮ್ಮ ಫೋನ್ ಎತ್ತಿ "ಆಮೇಲೆ ಮಾಡೋ" ಅಂದು ಇಟ್ಟದ್ದು. ಮಿಕ್ಕದ್ದೆಲ್ಲ ಯಾರೂ ಇಡದೆ ತಾನಾಗಿ ಕಟ್ ಆದದ್ದು.

ಈ ಕಾಲಮ್ಮನ್ನು ಮೊದಲ ದಿನವೇ ನೋಡಿದ್ದರೆ ನನಗೆ ಎರಡು ವಾರ ಉಳಿಯುತ್ತಿತ್ತು. ನೋಡಲಿಲ್ಲ. ಫೋನುಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು ಚಿಕ್ಕದು, ಪಾಪ ಅದಕ್ಕೆ ಇಷ್ಟೆಲ್ಲ ಆಗಲ್ಲ ಅಂತ ಅದರ ಮೇಲೆ ಗೂಬೆ ಕೂರಿಸಿ ಕೂತಿದ್ದೆ. ಆ ಎರಡು ವಾರದ ಕಥೆಯನ್ನು ಪೂರ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಮನೆಯಲ್ಲಿ ಇಂಟರ್ನೆಟ್ ಫೋನ್ ನಡೆಸಲು ಹೊರಟವರು ಬಹುತೇಕ ಇದೇ ಹೊಂಡಕ್ಕೆ ಬೀಳುತ್ತಾರೆ, ಮತ್ತು ಬಿದ್ದವರು ನನ್ನ ಹಾಗೆಯೇ ತಪ್ಪು ಕಡೆ ಹುಡುಕುತ್ತಾರೆ.

ಏನೇನು ಇತ್ತು

ಒಂದು ರಾಸ್ಪ್‌ಬೆರಿ ಪೈ 3. 2016ರಲ್ಲಿ ಬಂದ ಬೋರ್ಡು, ನಾಲ್ಕು ಕೋರ್, 1.2 ಗಿಗಾಹರ್ಟ್ಸ್, 1 ಜಿಬಿ ರ‍್ಯಾಮ್. ಬೇರೆ ಯಾವುದೋ ಕೆಲಸಕ್ಕೆ ತಂದು ಡ್ರಾಯರಿನಲ್ಲಿ ಬಿದ್ದಿತ್ತು. ಅದರ ಮೇಲೆ ಆಸ್ಟರಿಸ್ಕ್. ಗೊತ್ತಿಲ್ಲದವರಿಗೆ ಒಂದು ಮಾತು: ಆಸ್ಟರಿಸ್ಕ್ ಅಂದರೆ ಸಾಫ್ಟ್‌ವೇರಿನಲ್ಲಿ ಬರೆದ ಟೆಲಿಫೋನ್ ಎಕ್ಸ್‌ಚೇಂಜ್. ಮಾರ್ಕ್ ಸ್ಪೆನ್ಸರ್ ಅನ್ನುವವರು 1999ರಲ್ಲಿ ಶುರು ಮಾಡಿದ್ದು, ಉಚಿತ, ಸೋರ್ಸ್ ಕೋಡ್ ತೆರೆದೇ ಇದೆ. ಬೋರ್ಡಿನಲ್ಲಿದ್ದ ಲಿನಕ್ಸ್, ಅಂದರೆ ಡೆಬಿಯನ್ 12ರಲ್ಲಿ ಇದರ ಸಿದ್ಧ ಪ್ಯಾಕೇಜ್ ಇಲ್ಲ, ಹಾಗಾಗಿ ಆವೃತ್ತಿ 20ರ ಸೋರ್ಸ್ ಇಳಿಸಿ ಬೋರ್ಡಿನ ಮೇಲೇ ಕಂಪೈಲ್ ಮಾಡಿದೆ. ಹೊತ್ತು ಹಿಡಿಯುತ್ತದೆ, ಸುಮ್ನೆ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಬೇಕು.

ಇಂಟರ್ನೆಟ್ ಫೋನುಗಳು ಕರೆ ಶುರು ಮಾಡಲು, ಮುಗಿಸಲು ಆಡುವ ಭಾಷೆಗೆ ಸಿಪ್ ಅಂತ ಹೆಸರು. ಅದರ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಲೇಖನಗಳೆಲ್ಲ ಚಾನ್ ಸಿಪ್ ಅನ್ನುವ ಹಳೆಯ ಡ್ರೈವರನ್ನು ಇಟ್ಟುಕೊಂಡು ಬರೆದವು. ಆವೃತ್ತಿ 21ರಲ್ಲಿ ಅದನ್ನು ಕಿತ್ತೇ ಹಾಕಿದ್ದಾರೆ. ಈಗ ಪಿಜೆಸಿಪ್ ಮಾತ್ರ. ಎರಡರಲ್ಲೂ ಸೆಟ್ಟಿಂಗುಗಳ ಹೆಸರು ಬೇರೆ ಬೇರೆ. ಹಳೆಯದನ್ನು ನೋಡಿ ಹೊಸದರಲ್ಲಿ ಬರೆದರೆ ಅರ್ಧ ಕೆಲಸ ಮಾಡುತ್ತದೆ, ಅರ್ಧ ಮಾಡುವುದಿಲ್ಲ. ಪೂರ್ತಿ ಕೆಟ್ಟರೆ ವಾಸಿ, ಅರ್ಧ ಕೆಟ್ಟದ್ದೇ ಕಷ್ಟ.

ಎಕ್ಸ್‌ಟೆನ್ಷನ್‌ಗಳು ನಾಲ್ಕು. 101 ಹಾಲಿನಲ್ಲಿರುವ ಅಮ್ಮನ ಹಳೆಯ ಗುಂಡಿ ಫೋನ್. ಅದನ್ನು ಅನಲಾಗ್ ಅಡಾಪ್ಟರಿಗೆ ಸಿಕ್ಕಿಸಿದ್ದೇನೆ, ಹಳೆ ಎಕ್ಸ್‌ಚೇಂಜು ಮಾಡುತ್ತಿದ್ದ ಹಾಗೆ ತಂತಿಗೆ ಕರೆಂಟು ಕೊಟ್ಟು ಗಂಟೆ ಬಡಿಸುವ ಕೆಲಸ ಅಡಾಪ್ಟರಿನದ್ದು. 102 ಮಹಡಿಯ ಐಪಿ ಫೋನ್. 103 ನನ್ನ ಮೊಬೈಲಿನಲ್ಲಿರುವ ಆ್ಯಪ್. 104 ಅಣ್ಣನ ಮನೆ, ಇನ್ನೊಂದು ಊರಿನಲ್ಲಿ, ಅಲ್ಲೂ ಒಂದು ಅನಲಾಗ್ ಅಡಾಪ್ಟರ್ ಮತ್ತು ಮಾಮೂಲಿ ಫೋನ್. ಹೊರಗಿನ ಟೆಲಿಫೋನ್ ಜಾಲಕ್ಕೆ ಸಂಪರ್ಕವೇ ಇಲ್ಲ. ನಾಲ್ಕೂ ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಸಾಕು ಅನ್ನುವ ವ್ಯವಸ್ಥೆ. ತುರ್ತು ಕರೆಗೆ ಇದನ್ನು ನಂಬಬಾರದು ಅಂತ ಮನೆಯವರಿಗೆಲ್ಲ ಮೊದಲೇ ಹೇಳಿದ್ದೆ. ಅದಕ್ಕೆ ಮೊಬೈಲ್ ಇದೆ.

600 ಒತ್ತಿದರೆ ನಮ್ಮ ದನಿ ನಮಗೇ ವಾಪಸ್ ಕೇಳುತ್ತದೆ. ಆಸ್ಟರಿಸ್ಕಿನಲ್ಲಿ ಎಕೋ ಅನ್ನುವ ಒಂದೇ ಸಾಲಿನ ಸೌಲಭ್ಯ. ಬೇರೆ ಏನು ಮಾಡದಿದ್ದರೂ ಇದೊಂದನ್ನು ಮಾಡಿಟ್ಟುಕೊಳ್ಳಿ, ತಡ ಎಷ್ಟಿದೆ, ದನಿ ಎರಡೂ ದಿಕ್ಕಿಗೆ ಹೋಗುತ್ತಿದೆಯಾ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನ ಒಳಗೆ ತಡ ಇದ್ದರೆ ಮಾತಿಗೆ ತೊಂದರೆ ಇಲ್ಲ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಹೇಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಇಬ್ಬರೂ ಒಟ್ಟಿಗೇ ಮಾತಾಡಿ ಒಟ್ಟಿಗೇ ನಿಲ್ಲಿಸುವ ಆಟ ಶುರುವಾಗುತ್ತದೆ.

ಮನೆಯೊಳಗೆ ಎಲ್ಲ ಮೊದಲ ಸಂಜೆಯೇ ಸರಿಹೋಯಿತು. ಅಣ್ಣನ ಕಡೆಯದ್ದೇ ಗೋಳು.

ಮೊದಲ ತೊಂದರೆ, ಮತ್ತು ನಾನು ಬೇಗ ಖುಷಿಪಟ್ಟದ್ದು

ಅಣ್ಣನ ಅಡಾಪ್ಟರ್ ನನ್ನ ಬೋರ್ಡನ್ನು ಮುಟ್ಟಲಿ ಅಂತ ನಮ್ಮ ರೌಟರಿನಲ್ಲಿ ಸಿಪ್ ಸಂದೇಶಗಳಿಗೆ ಬೇಕಾದ ಯುಡಿಪಿ 5060ನೇ ಪೋರ್ಟನ್ನೂ ದನಿಗೆ ಬೇಕಾದ ಪೋರ್ಟುಗಳ ಸಾಲನ್ನೂ ಬೋರ್ಡಿನ ಕಡೆ ತಿರುಗಿಸಿದೆ. ರೌಟರಿನೊಳಗಿನ ಸಿಪ್ ಎಎಲ್‌ಜಿ ಆಫ್ ಮಾಡಿದೆ. ಅದು ಸಹಾಯ ಮಾಡಲು ಬಂದು ಸಿಪ್ ಸಂದೇಶಗಳನ್ನು ತಿದ್ದಿ ಕೆಡಿಸುವುದಕ್ಕೇ ಹೆಸರುವಾಸಿ. ಅಣ್ಣನ ಫೋನ್ ರಿಜಿಸ್ಟರ್ ಆಯಿತು. ಗಂಟೆಯೂ ಬಡಿಯಿತು. ಎತ್ತಿದರೆ ಎರಡೂ ಕಡೆ ನಿಶ್ಶಬ್ದ.

ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಬೋರ್ಡು ತನ್ನ ವಿಳಾಸ 192.168.1.20 ಅಂದುಕೊಂಡಿರುತ್ತದೆ, ದನಿಯನ್ನು ಅಲ್ಲಿಗೆ ಕಳಿಸು ಅಂತ ಹೇಳುತ್ತದೆ, ಆದರೆ ಆ ವಿಳಾಸ ನಮ್ಮ ಮನೆಯೊಳಗೆ ಮಾತ್ರ ನಡೆಯುವಂಥದ್ದು. ಹೊರಗಿನವರಿಗೆ ಹೊರಗಿನ ವಿಳಾಸ ಹೇಳು ಅಂತ ಆಸ್ಟರಿಸ್ಕಿಗೆ ಕಲಿಸಬೇಕು. ಅದಕ್ಕೆ ‘ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್’ ಅನ್ನುವ ಸಾಲು ಇದೆ. ಹಾಕಿದೆ. ಜೊತೆಗೆ ಅಣ್ಣನ ಎಕ್ಸ್‌ಟೆನ್ಷನ್‌ಗೆ ಆರ್‌ಟಿಪಿ ಸಿಮೆಟ್ರಿಕ್, ರೀರೈಟ್ ಕಾಂಟ್ಯಾಕ್ಟ್, ಫೋರ್ಸ್ ಆರ್‌ಪೋರ್ಟ್ ಮೂರನ್ನೂ (ಒಳಗೆ ಬರೆದ ವಿಳಾಸ ಬಿಟ್ಟು ಪೊಟ್ಟಣ ನಿಜವಾಗಿ ಬಂದ ವಿಳಾಸಕ್ಕೇ ಕಳಿಸು ಅನ್ನುವ ಸೆಟ್ಟಿಂಗುಗಳು) ಆನ್ ಮಾಡಿ, ದನಿ ಬೋರ್ಡನ್ನು ಬಿಟ್ಟು ಫೋನಿಂದ ಫೋನಿಗೆ ನೇರ ಹೋಗುವ ಡೈರೆಕ್ಟ್ ಮೀಡಿಯಾ ಆಫ್ ಮಾಡಿದೆ. ಬೋರ್ಡನ್ನು ಒಂದು ಸಲ ರೀಬೂಟ್ ಮಾಡಿದೆ.

ನಾನೇ 104 ಒತ್ತಿದೆ. ದನಿ ಬಂತು, ಹಾಲಿನಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಕೆಲಸ ಮುಗಿಯಿತು ಅಂತ ಕೀಬೋರ್ಡ್ ಪಕ್ಕಕ್ಕೆ ತಳ್ಳಿದೆ.

ಮಾರನೇ ದಿನ ಅಣ್ಣ ಮಾಡಿದ. ಅಮ್ಮ ಎತ್ತಿದಳು. ಅರ್ಧ ನಿಮಿಷ ಆಗಿತ್ತಷ್ಟೇ, ಹಲೋ ಹಲೋ ಅನ್ನಲು ಶುರು ಮಾಡಿದಳು. ಮತ್ತೆ ಮಾಡಿದ. ಮತ್ತೆ ಕಟ್.

"ಏನೋ ಇದು ನಿನ್ನ ಫೋನು, ಅವನು ಊಟ ಆಯ್ತಾ ಅಂತ ಕೇಳಿದ, ನಾನು ಉತ್ತರ ಕೊಡೋಷ್ಟರಲ್ಲಿ ಹೋಯ್ತು" ಅಂದಳು ಅಮ್ಮ. ಆಮೇಲೆ ಅನುಮಾನದಿಂದ, "ನೀವಿಬ್ಬರೂ ಏನಾದ್ರೂ ಜಗಳ ಆಡಿದ್ದೀರೇನೋ?"

ಬೋರ್ಡಿನ ಮೇಲೆ ಗೂಬೆ

ಇಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಕ್ರಮವಾಗಿ ತಪ್ಪು. ಆದರೂ ಹೇಳುತ್ತೇನೆ, ಕೆಲವು ತಪ್ಪು ದಾರಿಯಲ್ಲಿ ಬೇರೆ ಉಪಯೋಗದ ವಸ್ತುಗಳು ಸಿಕ್ಕವು.

ಮೊದಲು ಪ್ರೊಸೆಸರ್. ಕರೆ ನಡೆಯುವಾಗ, ಯಾವ ಪ್ರೋಗ್ರಾಂ ಪ್ರೊಸೆಸರನ್ನು ಎಷ್ಟು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಓಡಿಸಿ ನೋಡಿದೆ. ಆಸ್ಟರಿಸ್ಕ್ ಶೇಕಡಾ 5ರ ಒಳಗೇ ಇತ್ತು. ಇರಲೇಬೇಕು, ದನಿಯನ್ನು ಅಂಕಿಗಳಾಗಿಸಲು ಎಲ್ಲ ಫೋನುಗಳೂ ಜಿ.711 ಎ-ಲಾ ಅನ್ನುವ ಒಂದೇ ವಿಧಾನ ಬಳಸುವಾಗ ಬೋರ್ಡಿಗೆ ದನಿಯನ್ನು ಬದಲಾಯಿಸುವ ಕೆಲಸವೇ ಇಲ್ಲ, ಈ ಕಡೆಯ ಪೊಟ್ಟಣ ಆ ಕಡೆಗೆ ದಾಟಿಸಿದರೆ ಆಯಿತು. ಒಂದು ಫೋನ್ ಜಿ.729, ಇನ್ನೊಂದು ಓಪಸ್ ಅಂತ ಆದಾಗ ಮಾತ್ರ ಪ್ರೊಸೆಸರ್ ಬೆವರುತ್ತದೆ. ನಾಲ್ಕು ಫೋನಿನ ಮನೆಗೆ ಈ ಬೋರ್ಡು ಜಾಸ್ತಿಯೇ ಆಯಿತು. ಇದನ್ನು ಕಣ್ಣಾರೆ ನೋಡಿಯೂ ನಾನು ಒಪ್ಪಲಿಲ್ಲ ಅನ್ನುವುದೇ ಈಗ ನಗು ಬರಿಸುವ ವಿಷಯ.

ಆಮೇಲೆ ಇಂಟರ್ನೆಟ್ ವೇಗ. ಜಿ.711 ಅಂದರೆ ಸೆಕೆಂಡಿಗೆ 8000 ಸ್ಯಾಂಪಲ್, ಒಂದೊಂದು 8 ಬಿಟ್, ಒಟ್ಟು 64 ಕಿಲೋಬಿಟ್. ಅದನ್ನು 20 ಮಿಲಿಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ 50 ಪೊಟ್ಟಣ ಮಾಡಿ, ಪ್ರತಿಯೊಂದಕ್ಕೂ 40 ಬೈಟಿನ ತಲೆಚೀಟಿ ಅಂಟಿಸಿದರೆ 80 ಕಿಲೋಬಿಟ್. ಈಗಿನ ಯಾವ ಮನೆಯ ಇಂಟರ್ನೆಟ್ಟಿಗೂ ಇದು ಲೆಕ್ಕಕ್ಕೇ ಇಲ್ಲ. ವೇಗ ಸಾಲದಿದ್ದರೆ ದನಿ ಹರಿಯುತ್ತದೆ, ಚೂರುಚೂರಾಗುತ್ತದೆ. ನೆಟ್ಟಗೆ ಕೇಳುತ್ತಿದ್ದ ಕರೆ ಕತ್ತರಿಯಿಂದ ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ.

ಮೂರನೆಯದು ಕರೆಂಟು. ಇಲ್ಲಿ ಒಂದು ನಿಜವಾದ ತಪ್ಪು ಸಿಕ್ಕಿತು. ವೋಲ್ಟೇಜ್ ಕುಸಿದಿದೆಯಾ ಅಂತ ಕೇಳುವ ಆದೇಶ ಪೈನಲ್ಲಿದೆ. ಉತ್ತರ ಸೊನ್ನೆ ಬರಬೇಕು. ನನಗೆ ಬಂದದ್ದು ಐದರ ಮುಂದೆ ನಾಲ್ಕು ಸೊನ್ನೆ. ಅಂದರೆ ಬೂಟ್ ಆದ ಮೇಲೆ ಯಾವಾಗಲೋ ಒಮ್ಮೆ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗೆ ಇಳಿದಿತ್ತು, ಬೋರ್ಡು ತನ್ನ ಓಟ ತಗ್ಗಿಸಿತ್ತು. ಹಳೆಯ ಮೊಬೈಲ್ ಚಾರ್ಜರ್ ಹಾಕಿದ್ದೆ, ಕೇಬಲ್ ಕೂಡ ಸಣಕಲು. ಪೈ 3 ಕೇಳುವುದು 5.1 ವೋಲ್ಟ್, 2.5 ಆಂಪಿಯರ್. ಸರಿಯಾದ ಅಡಾಪ್ಟರ್ ಹಾಕಿದೆ, ಉತ್ತರ ಸೊನ್ನೆ ಬಂತು, ಆಹಾ ಸಿಕ್ಕಿತು ಅಂದುಕೊಂಡು ಅಣ್ಣನಿಗೆ ಮಾಡಲು ಹೇಳಿದೆ.

ಕಟ್.

ಅವತ್ತು ಮೊದಲ ಸಲ ಗಡಿಯಾರ ಹಿಡಿದು ಕೂತೆ. "ಅಣ್ಣ, ಇನ್ನೊಂದ್ಸಲ ಮಾಡು, ಸುಮ್ನೆ ಒಂದರಿಂದ ಎಣಿಸ್ತಾ ಹೋಗು" ಅಂದೆ. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಅಂತ ಅವನ ದನಿ ಬರುತ್ತಿತ್ತು, ಮುಂದಿನದ್ದು ಬರಲಿಲ್ಲ. ಮತ್ತೆ ಮಾಡಿಸಿದೆ. ಅಲ್ಲೇ. ಮೂರನೇ ಸಲ ಅವನು ರಾಗವಾಗಿ ಎಣಿಸಿದ, ಮೂವತ್ತಕ್ಕೆ ಬರುವ ಮೊದಲೇ ಕಟ್ ಆಯಿತು. ಎಣಿಕೆ ಮುಖ್ಯ ಅಲ್ಲ, ಸಮಯ ಮುಖ್ಯ. ಆಗಲೇ ಕರೆ ದಾಖಲೆ ತೆರೆದು ಆ ಕಾಲಮ್ ನೋಡಿದ್ದು.

ಶಕ್ತಿ ಸಾಲದೆ ಕೆಟ್ಟ ಯಂತ್ರ ಒಂದು ಸಲ 10 ಸೆಕೆಂಡಿಗೆ, ಇನ್ನೊಂದು ಸಲ 4 ನಿಮಿಷಕ್ಕೆ ಕೈಕೊಡುತ್ತದೆ. ಪ್ರತಿ ಸಲ ಒಂದೇ ಸೆಕೆಂಡಿಗೆ ಕೈಕೊಟ್ಟರೆ ಅಲ್ಲಿ ಯಾರೋ ಗಡಿಯಾರ ನೋಡಿಕೊಂಡು ಕತ್ತರಿಸುತ್ತಿದ್ದಾರೆ ಅಂತ ಅರ್ಥ, ಅಲ್ವಾ?

ಆದರೂ ಇನ್ನೊಂದು ಸಲ ದಾರಿ ತಪ್ಪಿದೆ. ಲಿನಕ್ಸ್ ಮೇಲೆ ಓಡುವ ರೌಟರುಗಳು ಉತ್ತರ ಕಾಣದ ಯುಡಿಪಿ ಸಂಪರ್ಕವನ್ನು ಮಾಮೂಲಾಗಿ 30 ಸೆಕೆಂಡಿಗೆ ಮರೆತುಬಿಡುತ್ತವೆ. 30 ಮತ್ತು 32 ಹತ್ತಿರವೇ ಇದೆಯಲ್ಲ ಅಂತ ರೌಟರನ್ನು ಹಿಡಿದುಕೊಂಡೆ. 20 ಸೆಕೆಂಡಿಗೊಮ್ಮೆ ಬೋರ್ಡು ಅಣ್ಣನ ಫೋನನ್ನು ‘ಇದ್ದೀಯಾ’ ಅಂತ ಕೇಳುವ ಹಾಗೆ ಮಾಡಿದೆ. ಅದರಿಂದ ಒಂದು ಲಾಭ ಆಯಿತು, ಬಹಳ ಹೊತ್ತು ಸುಮ್ಮನಿದ್ದ ಮೇಲೂ ಅಣ್ಣನ ಫೋನಿಗೆ ಗಂಟೆ ಹೋಗುವುದು ಗ್ಯಾರಂಟಿ ಆಯಿತು. 32 ಮಾತ್ರ 32 ಆಗಿಯೇ ಉಳಿಯಿತು.

ಲಕೋಟೆ ಮೇಲಿನ ವಿಳಾಸ, ಕಾಗದದೊಳಗಿನ ವಿಳಾಸ

ಈ ನಡುವೆ ಕಣ್ಣಿಗೆ ಬಿದ್ದೂ ತಲೆಗೆ ಹೋಗದ ಎರಡು ವಿಷಯ ಇದ್ದವು. ಒಂದು, ನಾನು ಅಣ್ಣನಿಗೆ ಮಾಡಿದರೆ ಕಟ್ ಆಗುತ್ತಿರಲಿಲ್ಲ, ಅವನು ಮಾಡಿದರೆ ಮಾತ್ರ. ಎರಡು, ನಾನು ಮಾಡಿದ ಕರೆಯನ್ನು ಅವನು ಇಟ್ಟರೂ ನನ್ನ ಕಡೆ ಲೈನ್ ಹಾಗೇ ಇರುತ್ತಿತ್ತು, ಖಾಲಿ ನಿಶ್ಶಬ್ದ, ನಾನೇ ಇಡಬೇಕಿತ್ತು. ದಿಕ್ಕು ಬದಲಾದರೆ ತೊಂದರೆಯೂ ಬದಲಾಗುತ್ತದೆ ಅಂದರೆ ಬೋರ್ಡು, ಕರೆಂಟು, ವೇಗ ಮೂರನ್ನೂ ಅಲ್ಲಿಗೇ ಬಿಟ್ಟುಬಿಡಬಹುದಿತ್ತು.

ಎಸ್‌ಎನ್‌ಗ್ರೆಪ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ. ಸಿಪ್ ಸಂದೇಶಗಳು ಯಾರಿಂದ ಯಾರಿಗೆ ಹೋದವು ಅಂತ ಬಾಣದ ಗುರುತಿನ ಚಿತ್ರ ಬಿಡಿಸಿ ತೋರಿಸುತ್ತದೆ, ಕಪ್ಪು ಟರ್ಮಿನಲ್ಲಿನಲ್ಲೇ. ಅದನ್ನು ಓಡಿಸಿಟ್ಟು ಅಣ್ಣನಿಗೆ ಮಾಡಲು ಹೇಳಿದೆ. ಅವನ ಕಡೆಯಿಂದ ಇನ್ವೈಟ್ ಬಂತು. ನನ್ನ ಬೋರ್ಡು 100 ಟ್ರೈಯಿಂಗ್ ಅಂತು, 180 ರಿಂಗಿಂಗ್ ಅಂತು, ಅಮ್ಮ ಫೋನ್ ಎತ್ತಿದಾಗ 200 ಓಕೆ ಅಂತು. ಇದಕ್ಕೆ ಆ ಕಡೆಯಿಂದ ಆ್ಯಕ್ ಬರಬೇಕು, ‘ಓಕೆ ತಲುಪಿತು’ ಅನ್ನುವ ರಸೀದಿ. ಬರಲಿಲ್ಲ. ಅರ್ಧ ಸೆಕೆಂಡ್ ಕಾದು ಬೋರ್ಡು ಮತ್ತೆ 200 ಓಕೆ ಕಳಿಸಿತು. ಆಮೇಲೆ ಒಂದು ಸೆಕೆಂಡ್, ಎರಡು, ನಾಲ್ಕು, ಮತ್ತೆ ನಾಲ್ಕು, ನಾಲ್ಕು. ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದರ ಕೆಳಗೊಂದು ಬಾಣಗಳು, ವಾಪಸ್ ಒಂದೂ ಇಲ್ಲ. ಹನ್ನೊಂದು ಎಣಿಸಿದೆ. ಅದಾದ ಮೇಲೆ ಬೋರ್ಡೇ ಬೈ ಕಳಿಸಿ ಕರೆ ಮುಗಿಸಿತು. ಆ ಕಡೆ ಅಮ್ಮ ಹಲೋ ಹಲೋ.

32 ಎಲ್ಲಿಂದ ಬಂತು ಅನ್ನುವುದು 2002ರ ಸಿಪ್ ಮಾನದಂಡದಲ್ಲೇ ಇದೆ, ಆರ್‌ಎಫ್‌ಸಿ 3261. ಮೂಲ ಕಾಯುವ ಸಮಯ ಅರ್ಧ ಸೆಕೆಂಡ್. ಅದರ 64 ಪಟ್ಟು ಕಾದರೂ ರಸೀದಿ ಬರದಿದ್ದರೆ ಕೈಬಿಡು ಅಂತ ನಿಯಮ. 64 ಅರ್ಧಗಳು 32. ಬೋರ್ಡು ಸೋತಿರಲಿಲ್ಲ, ಒಂದು ಸೆಕೆಂಡೂ ಆಚೀಚೆ ಆಗದಂತೆ ನಿಯಮ ಪಾಲಿಸುತ್ತಿತ್ತು.

ಹಾಗಾದರೆ ಆ್ಯಕ್ ಎಲ್ಲಿ ಹೋಯಿತು? ಅಣ್ಣನ ಅಡಾಪ್ಟರಿನಲ್ಲಿ ಲಾಗ್ ಆನ್ ಮಾಡಿಸಿ ನೋಡಿದೆವು. ಅದು ಆ್ಯಕ್ ಕಳಿಸಿತ್ತು, ಪಾಪ, ಪ್ರತಿ ಸಲವೂ. 192.168.1.20ಕ್ಕೆ.

ಉತ್ತರಗಳು ಪ್ರಶ್ನೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತವೆ. ಹಾಗಾಗಿ 200 ಓಕೆ ಅಣ್ಣನಿಗೆ ಸರಿಯಾಗಿ ತಲುಪುತ್ತಿತ್ತು. ಆದರೆ ಆ್ಯಕ್ ಉತ್ತರ ಅಲ್ಲ, ಹೊಸ ಸಂದೇಶ. ಅದು ಹೋಗುವುದು 200 ಓಕೆಯ ಒಳಗೆ ‘ಕಾಂಟ್ಯಾಕ್ಟ್’ ಅಂತ ಬರೆದ ವಿಳಾಸಕ್ಕೆ. ರೌಟರ್ ಬದಲಾಯಿಸುವುದು ಲಕೋಟೆಯ ಮೇಲಿನ ವಿಳಾಸ ಮಾತ್ರ, ಒಳಗಿನ ಕಾಗದದಲ್ಲಿ ಏನು ಬರೆದಿದೆ ಅಂತ ಅದು ನೋಡುವುದಿಲ್ಲ. ಕಾಗದದಲ್ಲಿ ನನ್ನ ಬೋರ್ಡು ಮನೆಯೊಳಗಿನ ವಿಳಾಸವನ್ನೇ ಬರೆದು ಕಳಿಸುತ್ತಿತ್ತು. ನಾನು ಮಾಡಿದ ಕರೆಯಲ್ಲಿ ಆ್ಯಕ್ ಕಳಿಸುವುದು ನನ್ನ ಬೋರ್ಡು, ಅದಕ್ಕೆ ಅಣ್ಣನ ನಿಜವಾದ ವಿಳಾಸ ಗೊತ್ತು, ಹಾಗಾಗಿ ಕಟ್ ಆಗುತ್ತಿರಲಿಲ್ಲ. ಆದರೆ ಅಣ್ಣ ಇಟ್ಟಾಗ ಅವನ ಕಡೆಯಿಂದ ಹೊರಡುವ ಬೈ ಮತ್ತೆ ಅದೇ ತಪ್ಪು ವಿಳಾಸಕ್ಕೆ. ಎರಡು ವಾರದಿಂದ ಬೇರೆ ಬೇರೆ ಕಾಯಿಲೆ ಅಂದುಕೊಂಡದ್ದು ಒಂದೇ ಆಗಿತ್ತು.

ಒಂದು ಕುತೂಹಲ ಉಳಿಯಿತು. ಅಣ್ಣನ ಮನೆಯ ಜಾಲವೂ 192.168.1 ಅಂತಲೇ ಶುರುವಾಗುತ್ತದೆ, ಅಂದರೆ ಆ ರಸೀದಿ ಇಂಟರ್ನೆಟ್ಟಿಗೆ ಬರುವುದಿರಲಿ, ಅವನ ಮನೆಯಿಂದಲೇ ಹೊರಗೆ ಕಾಲಿಟ್ಟಿರಲಿಲ್ಲ. ಅವನ ಮನೆಯಲ್ಲಿ ಇಪ್ಪತ್ತನೇ ನಂಬರ್ ಯಾರು? ಅವನ ರೌಟರಿನ ಪಟ್ಟಿ ನೋಡಿದರೆ ಪ್ರಿಂಟರ್. ಎರಡು ವಾರ ಅಮ್ಮನ ಪ್ರತಿ ಹಲೋಗೂ ರಸೀದಿ ಹೋಗಿ ಪ್ರಿಂಟರಿಗೆ ಬಡಿಯುತ್ತಿತ್ತು. ಅದು ಏನೂ ಪ್ರಿಂಟ್ ಮಾಡಲಿಲ್ಲ ಅನ್ನುವುದೇ ಅಣ್ಣನಿಗೆ ಬೇಜಾರು.

ಒಂದು ಸಾಲು, ಮತ್ತು ಆ ಒಂದು ಸಾಲಿಗೆ ಇನ್ನೊಂದು ಸಂಜೆ

ಹೊರಗಿನ ವಿಳಾಸಕ್ಕೆ ಪಿಜೆಸಿಪ್‌ನಲ್ಲಿ ಎರಡು ಸಾಲುಗಳಿವೆ. ದನಿಗೆ ‘ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್’, ಸಿಪ್ ಸಂದೇಶಗಳಿಗೆ ‘ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್’. ಮೊದಲನೆಯದು ಹಾಕಿದ ತಕ್ಷಣ ದನಿ ಬಂತು, ನಾನು ಖುಷಿಯಾಗಿ ಎರಡನೆಯದು ಓದಲೇ ಇಲ್ಲ. ಜೊತೆಗೆ ಮನೆಯೊಳಗಿನ ವಿಳಾಸಗಳು ಯಾವುವು ಅಂತ ಹೇಳುವ ‘ಲೋಕಲ್ ನೆಟ್’ ಅನ್ನುವುದನ್ನೂ ಹಾಕಬೇಕು, ಇಲ್ಲದಿದ್ದರೆ ಮನೆಯೊಳಗಿನ ಫೋನುಗಳಿಗೂ ಹೊರಗಿನ ವಿಳಾಸ ಹೇಳಿ ಅದು ಇನ್ನೊಂದು ರಾದ್ಧಾಂತ.

ಸಾಲು ಸೇರಿಸಿದೆ. ಆಸ್ಟರಿಸ್ಕಿನಲ್ಲಿ ರೀಲೋಡ್ ಹೊಡೆದೆ. ಅಣ್ಣ ಮಾಡಿದ. 32 ಸೆಕೆಂಡ್, ಕಟ್.

ನಿಜ ಹೇಳುತ್ತೇನೆ, ಅವತ್ತು ಬೋರ್ಡನ್ನು ಕಿತ್ತು ಮತ್ತೆ ಡ್ರಾಯರಿಗೆ ಹಾಕುವ ಮನಸ್ಸಾಗಿತ್ತು. ಸರಿಯಾದ ಪರಿಹಾರವನ್ನೇ ತಪ್ಪು ಅಂತ ತೀರ್ಮಾನಿಸಿ ಆ ಸಾಲನ್ನು ತೆಗೆಯುವುದರಲ್ಲಿದ್ದೆ. ಎಸ್‌ಎನ್‌ಗ್ರೆಪ್ ಮತ್ತೊಮ್ಮೆ ನೋಡಿದರೆ ಕಾಂಟ್ಯಾಕ್ಟಿನಲ್ಲಿ ಇನ್ನೂ ಹಳೆಯ ವಿಳಾಸವೇ ಇದೆ. ಅಂದರೆ ಬದಲಾವಣೆ ಒಳಗೆ ಹೋಗಿಯೇ ಇಲ್ಲ. ಪಿಜೆಸಿಪ್‌ನ ಟ್ರಾನ್ಸ್‌ಪೋರ್ಟ್ ಭಾಗದಲ್ಲಿ ಏನೇ ಬದಲಿಸಿದರೂ ಬರೀ ರೀಲೋಡಿಗೆ ಅದು ಬಗ್ಗುವುದಿಲ್ಲ, ನಾವೇ ಅನುಮತಿ ಕೊಟ್ಟಿರದಿದ್ದರೆ ಆಸ್ಟರಿಸ್ಕನ್ನು ಪೂರ್ತಿ ರೀಸ್ಟಾರ್ಟ್ ಮಾಡಬೇಕು. ಮೊದಲ ಸಲ ನಾನು ರೀಬೂಟ್ ಮಾಡಿದ್ದೆನಲ್ಲ, ಅದು ಅದೃಷ್ಟ, ತಿಳುವಳಿಕೆ ಅಲ್ಲ.

ರೀಸ್ಟಾರ್ಟ್ ಮಾಡಿದೆ. ಅಣ್ಣ ಮಾಡಿದ, ಅಮ್ಮ ಎತ್ತಿದಳು. ನಾನು ಕಂಪ್ಯೂಟರ್ ಮುಂದೆ ಕೂತು ಸೆಕೆಂಡ್ ಎಣಿಸುತ್ತಿದ್ದೆ. ಆ್ಯಕ್‌ನ ಬಾಣ ಬಲದಿಂದ ಎಡಕ್ಕೆ ಬಂತು. 33, 34, 40. ದಾಖಲೆಯಲ್ಲಿ ಆ ಕರೆಯ ಮುಂದೆ 2,846 ಅಂತ ಇದೆ.

ಬಾಗಿಲು ತೆರೆದಿಟ್ಟ ತಪ್ಪು

ಫೋನ್ ಸರಿಹೋಯಿತು, ಪ್ರಕರಣ ಮುಗಿಯಲಿಲ್ಲ. ಲಾಗ್ ನೋಡುವ ಚಟ ಹತ್ತಿತ್ತಲ್ಲ, ಹಾಗಾಗಿ ಇನ್ನೊಂದು ಕಂಡಿತು. ಅಣ್ಣನಿಗೆ ಅಂತ ತೆರೆದ 5060ನೇ ಪೋರ್ಟಿಗೆ ಊರಿನವರೆಲ್ಲ ಬಂದು ಬಡಿಯುತ್ತಿದ್ದರು. 100, 101, 1000 ಅಂತ ಎಕ್ಸ್‌ಟೆನ್ಷನ್ ಹೆಸರುಗಳನ್ನು ಒಂದೊಂದಾಗಿ ಪ್ರಯತ್ನಿಸುವ ಪ್ರೋಗ್ರಾಂಗಳು, ಹಗಲು ರಾತ್ರಿ. ಕೆಲವು ತಮ್ಮನ್ನು ‘ಫ್ರೆಂಡ್ಲಿ ಸ್ಕ್ಯಾನರ್’ ಅಂತ ಪರಿಚಯಿಸಿಕೊಳ್ಳುತ್ತವೆ. ಎಂಥ ಫ್ರೆಂಡ್ಲಿ. ಹೊರಗಿನ ಟೆಲಿಫೋನ್ ಜಾಲಕ್ಕೆ ಸಂಪರ್ಕ ಇರುವ ಎಕ್ಸ್‌ಚೇಂಜ್ ಸಿಕ್ಕಿ, ಅದರಲ್ಲಿ 101ಕ್ಕೆ 101 ಅಂತಲೇ ಪಾಸ್‌ವರ್ಡ್ ಇದ್ದರೆ, ರಾತ್ರೋರಾತ್ರಿ ದುಬಾರಿ ವಿದೇಶಿ ನಂಬರುಗಳಿಗೆ ಕರೆ ಹೋಗಿ ಬಿಲ್ ಮಾಲೀಕನ ತಲೆಗೆ ಬರುತ್ತದೆ. ನಮ್ಮಲ್ಲಿ ಕದಿಯಲು ಏನೂ ಇರಲಿಲ್ಲ. ಆದರೆ ಆ ಬಡಿತಗಳೆಲ್ಲ ಲಾಗ್ ಆಗಿ ಎಸ್‌ಡಿ ಕಾರ್ಡಿನ ಮೇಲೆ ಬರೆಯುತ್ತಲೇ ಇದ್ದವು, ಮತ್ತು ಇಂಥ ಬೋರ್ಡುಗಳಲ್ಲಿ ಮೊದಲು ಸಾಯುವುದು ಕಾರ್ಡು, ಅದರಲ್ಲೂ ಬರೆಯುವಾಗ ಕರೆಂಟು ಹೋದರೆ.

ಫೇಲ್‌ಟುಬ್ಯಾನ್ ಅನ್ನುವ, ಹೀಗೆ ಬಡಿಯುವವರ ವಿಳಾಸಗಳನ್ನು ಹೊರಗಿಡುವ ಪ್ರೋಗ್ರಾಂ ಹಾಕಿ ತಡೆಯಬಹುದು, ಹಲವರು ಹಾಗೇ ಮಾಡುತ್ತಾರೆ. ನನಗೆ ಆ ಬಾಗಿಲೇ ಬೇಡ ಅನ್ನಿಸಿತು. ಅಣ್ಣನ ಮನೆಯಲ್ಲೂ ಒಂದು ಹಳೆಯ ಪೈ ಇಟ್ಟು ಎರಡು ಮನೆಯ ನಡುವೆ ವೈರ್‌ಗಾರ್ಡ್ ಸುರಂಗ ಹಾಕಿದೆ, ಅಂದರೆ ಇಂಟರ್ನೆಟ್ ಮೇಲೆ ಬೀಗ ಹಾಕಿದ ಖಾಸಗಿ ದಾರಿ (ವಿಪಿಎನ್). 2020ರ 5.6ನೇ ಆವೃತ್ತಿಯಿಂದ ಅದು ಲಿನಕ್ಸ್ ಕರ್ನಲ್ಲಿನೊಳಗೇ ಇದೆ. ಕೀಲಿ ಇಲ್ಲದವರು ಬಂದು ಬಡಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಮನೆಯಲ್ಲಿ ಯಾರೋ ಇದ್ದಾರೆ ಅಂತಲೂ ಗೊತ್ತಾಗುವುದಿಲ್ಲ. 5060 ಮುಚ್ಚಿದೆ. ಲಾಗುಗಳನ್ನು ರ‍್ಯಾಮಿಗೆ ತಿರುಗಿಸಿ, ಕರೆ ದಾಖಲೆ ಮಾತ್ರ ಕಾರ್ಡಿನಲ್ಲಿ ಉಳಿಸಿಕೊಂಡೆ.

ಇಲ್ಲಿ ಎರಡು ಕಡೆ ಎಡವಿದೆ, ಬೇಗ ಹೇಳಿಬಿಡುತ್ತೇನೆ. ಎರಡೂ ಮನೆ 192.168.1 ಆದ್ದರಿಂದ ಸುರಂಗದ ಆಚೆ ಯಾರು, ಈಚೆ ಯಾರು ಅಂತ ಬೋರ್ಡಿಗೆ ಗೊತ್ತಾಗುವುದಿಲ್ಲ, ಅಣ್ಣನ ಮನೆಯದ್ದನ್ನು 192.168.5ಕ್ಕೆ ಬದಲಾಯಿಸಿದೆವು. (ಪ್ರಿಂಟರನ್ನು ಹೊಸದಾಗಿ ಹುಡುಕಿಸಬೇಕಾಯಿತು.) ಇನ್ನೊಂದು, ಆ ಹೊಸ ಜಾಲವನ್ನೂ ಸುರಂಗದ ವಿಳಾಸಗಳನ್ನೂ ಆಸ್ಟರಿಸ್ಕಿನ ‘ಲೋಕಲ್ ನೆಟ್’ಗೆ ಸೇರಿಸದಿದ್ದರೆ ಅದು ಅಣ್ಣನನ್ನು ಇನ್ನೂ ಹೊರಗಿನವನು ಅಂದುಕೊಂಡು ಹೊರಗಿನ ವಿಳಾಸವನ್ನೇ ಹೇಳುತ್ತದೆ, ದನಿ ಮತ್ತೆ ಮಾಯ. ಈ ಸಲ ಹತ್ತು ನಿಮಿಷದಲ್ಲಿ ಹಿಡಿದೆ. ರೀಸ್ಟಾರ್ಟ್ ಮಾಡುವುದನ್ನೂ ಮರೆಯಲಿಲ್ಲ.

ಕರೆಂಟು ಹೋಗಿ ಬಂದ ದಿನ

ಮೂರು ತಿಂಗಳು ಆರಾಮಾಗಿ ನಡೆಯಿತು. ಒಂದು ದಿನ ಅಣ್ಣನ ಮನೆಯಲ್ಲಿ ಬಹಳ ಹೊತ್ತು ಕರೆಂಟು ಇರಲಿಲ್ಲ. ಬಂದ ಮೇಲೆ ರೌಟರ್ ಎದ್ದಿತು, ಬೋರ್ಡು ಎದ್ದಿತು, ಸುರಂಗ ಏಳಲಿಲ್ಲ. ಅಣ್ಣ ಅದನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದ. ಏನೂ ಇಲ್ಲ. ಸುರಂಗದ ಎರಡೂ ತುದಿಯಲ್ಲಿ ಒಂದು ದೂರಿನ ಸಾಲೂ ಇಲ್ಲ.

ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟು ಹೋದರೆ ಸಮಯ ಮರೆಯುತ್ತದೆ. ಕೊನೆಗೆ ಬರೆದಿಟ್ಟುಕೊಂಡ ಹಳೆಯ ಸಮಯದಿಂದಲೇ ಏಳುತ್ತದೆ, ಆಮೇಲೆ ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಕೇಳಿ ತಿದ್ದಿಕೊಳ್ಳುತ್ತದೆ. ವೈರ್‌ಗಾರ್ಡ್ ಕೈಕುಲುಕುವಾಗ ಸಮಯವನ್ನೂ ಸೇರಿಸಿ ಕಳಿಸುತ್ತದೆ, ಮತ್ತು ಹಿಂದೊಮ್ಮೆ ನೋಡಿದ್ದಕ್ಕಿಂತ ಹಳೆಯ ಸಮಯ ಬಂದರೆ ಯಾರೋ ಹಳೆಯ ಪೊಟ್ಟಣವನ್ನು ಕದ್ದು ಮತ್ತೆ ಕಳಿಸುತ್ತಿದ್ದಾರೆ ಅಂತ ಸದ್ದಿಲ್ಲದೆ ಎಸೆಯುತ್ತದೆ. ಹಾಗಾದರೆ ಬೋರ್ಡು ಸಮಯ ತಿದ್ದಿಕೊಳ್ಳುವವರೆಗೆ ಕಾದರೆ ಆಯಿತಲ್ಲ? ಆಗುತ್ತಿತ್ತು, ನಾನು ಬುದ್ಧಿವಂತಿಕೆ ಮಾಡಿರದಿದ್ದರೆ. ಎರಡೂ ಮನೆಯ ಯಂತ್ರಗಳನ್ನು ಹೆಸರಿನಿಂದ ಕರೆಯುವ ಆಸೆಗೆ ಅಣ್ಣನ ಬೋರ್ಡಿನ ಡಿಎನ್ಎಸ್ಸನ್ನು, ಅಂದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆಯನ್ನು, ನನ್ನ ಬೋರ್ಡಿಗೆ ತೋರಿಸಿದ್ದೆ, ಅದೂ ಸುರಂಗದ ಮೂಲಕ. ಸಮಯ ಕೇಳಲು ಸರ್ವರಿನ ಹೆಸರು ಬಿಡಿಸಬೇಕು, ಹೆಸರು ಬಿಡಿಸಲು ಸುರಂಗ ಬೇಕು, ಸುರಂಗಕ್ಕೆ ಸಮಯ ಬೇಕು.

ಅಣ್ಣನಿಗೆ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬೋರ್ಡಿನ ತಾರೀಕನ್ನು ಕೈಯಲ್ಲೇ ಹಾಕಿಸಿದೆ. ಎಂಟರ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ ಹಾಲಿನ ಫೋನ್ ಬಡಿಯಿತು, ಅವನೇ 101 ಒತ್ತಿ ನೋಡಿದ್ದ. ಅಮ್ಮ ಎದ್ದು ಹೋಗಿ ಎತ್ತಿದಳು. ಆಮೇಲೆ ಅವನ ಡಿಎನ್ಎಸ್ಸನ್ನು ಅವನ ರೌಟರಿಗೇ ವಾಪಸ್ ತಿರುಗಿಸಿದೆ. ಒಂದು ಡಿಎಸ್ 3231 ಗಡಿಯಾರದ ಚಿಪ್ಪು ತರಿಸಿಟ್ಟಿದ್ದೇನೆ, ಬ್ಯಾಟರಿ ಸಮೇತ, ಪೈನ ಐದು ಪಿನ್ನಿನ ಮೇಲೆ ಹಾಗೇ ಕೂರುವಂಥದ್ದು. ಮುಂದಿನ ಸಲ ಅವನ ಮನೆಗೆ ಹೋದಾಗ ಹಾಕಬೇಕು.